ಹಾಲಿನ ಒಕ್ಕೂಟದ ಕೆಲಸ: ಊರ ಡೈರಿಯಿಂದ ಪ್ಯಾಕಿಂಗ್ ಹಾಲ್‌ವರೆಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಜಿಲ್ಲಾ ಹಾಲು ಒಕ್ಕೂಟವೊಂದರ ಗುಣ ನಿಯಂತ್ರಣ ವಿಭಾಗದಲ್ಲಿ ಮೂರು ದಶಕ ದುಡಿದು ನಿವೃತ್ತನಾದವನು ನಾನು. ನೇಮಕಾತಿ ಅಧಿಸೂಚನೆ ಹೊರಬಿದ್ದಾಗಲೆಲ್ಲ ನಮ್ಮ ಊರಿನ, ನೆಂಟರ ಮನೆಯ ಹುಡುಗರು ಹುಡುಗಿಯರು ಫೋನ್ ಮಾಡುತ್ತಾರೆ. ಪರೀಕ್ಷೆಗೆ ಯಾವ ಪುಸ್ತಕ ಓದಬೇಕು ಎಂದು ಎಲ್ಲರೂ ಕೇಳುತ್ತಾರೆ. ಆ ಕೆಲಸದಲ್ಲಿ ಬೆಳಗಿನಿಂದ ಸಂಜೆವರೆಗೆ ಏನು ಮಾಡಬೇಕು ಎಂದು ಕೇಳುವವರು ಕಡಿಮೆ. ಅದನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ನಂದಿನಿ ಕೆಲಸ ಅಂದರೆ ಸರ್ಕಾರಿ ಕೆಲಸವೇ?

ಅಲ್ಲ. ಇದು ಸಹಕಾರಿ ಸಂಸ್ಥೆ, ಮಾಲೀಕರು ಹಾಲು ಹಾಕುವ ರೈತರು. ಮೂರು ಹಂತಗಳಿವೆ. ಕೆಳಗೆ ಊರಿನ ಹಾಲು ಉತ್ಪಾದಕರ ಸಹಕಾರ ಸಂಘ, ಜನರ ಬಾಯಲ್ಲಿ ಬರೀ ‘ಡೈರಿ’. ಅದರ ಮೇಲೆ ಜಿಲ್ಲಾ ಮಟ್ಟದ ಒಕ್ಕೂಟ. ಎಲ್ಲದರ ಮೇಲೆ ಬೆಂಗಳೂರಿನಲ್ಲಿರುವ ಮಹಾಮಂಡಳ, ಅಂದರೆ ಕೆಎಂಎಫ್. ಗುಜರಾತಿನ ಆಣಂದ್ ಮಾದರಿಯನ್ನು ಅನುಸರಿಸಿ 1974ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಕರ್ನಾಟಕ ಡೈರಿ ಅಭಿವೃದ್ಧಿ ನಿಗಮ ಶುರುವಾಯಿತು. 1984ರಲ್ಲಿ ಅದು ಮಹಾಮಂಡಳವಾಯಿತು.

ಕೆಲಸ ಹುಡುಕುವವರು ಮೊದಲು ಬಿಡಿಸಿಕೊಳ್ಳಬೇಕಾದ ಗಂಟು ಇಲ್ಲೇ ಇದೆ. ಸಂಘದ ಸಿಬ್ಬಂದಿಯನ್ನು ನೇಮಿಸುವುದು, ಸಂಬಳ ಕೊಡುವುದು ಆ ಊರಿನ ಸಂಘದ ಆಡಳಿತ ಮಂಡಳಿ. ಒಕ್ಕೂಟದ ನೌಕರರು ಒಕ್ಕೂಟದವರು, ಮಹಾಮಂಡಳದ ನೌಕರರು ಮಹಾಮಂಡಳದವರು. ಮೂರು ಕಡೆಯೂ ಅದೇ ನಂದಿನಿ ಹಾಲು, ಆದರೆ ಕೆಲಸ ಕೊಟ್ಟವರು ಬೇರೆ ಬೇರೆ. ನೇಮಕಾತಿ ಪತ್ರದ ಮೇಲೆ ಯಾರ ಹೆಸರಿದೆ ಎಂದು ನೋಡಿಕೊಳ್ಳಿ.

ಊರಿನ ಸಂಘದ ಕಾರ್ಯದರ್ಶಿಯ ದಿನ ಹೇಗಿರುತ್ತದೆ?

ಇಡೀ ವ್ಯವಸ್ಥೆ ನಿಂತಿರುವುದು ಈ ಒಬ್ಬ ವ್ಯಕ್ತಿಯ ಮೇಲೆ, ಹಾಗಾಗಿ ಸ್ವಲ್ಪ ದೀರ್ಘವಾಗಿಯೇ ಹೇಳುತ್ತೇನೆ.

ಬೆಳಗ್ಗೆ ಆರಕ್ಕೆಲ್ಲ ಬಾಗಿಲು ತೆರೆದಿರಬೇಕು. ಕ್ಯಾನು, ಅಳತೆ ಪಾತ್ರೆ, ಪರೀಕ್ಷೆ ಯಂತ್ರ ಎಲ್ಲ ತೊಳೆದು ಸಿದ್ಧವಾಗಿರಬೇಕು. ಜನ ಸಾಲಾಗಿ ಬರುತ್ತಾರೆ, ಅಜ್ಜಿಯೊಬ್ಬರು ಎರಡು ಲೀಟರ್ ಸ್ಟೀಲ್ ಉಗ್ಗದಲ್ಲಿ, ಇನ್ನೊಬ್ಬರು ಬೈಕಿಗೆ ಕಟ್ಟಿದ ಕ್ಯಾನಿನಲ್ಲಿ. ಪ್ರತಿಯೊಬ್ಬರ ಹಾಲನ್ನೂ ಮೂಸಿ, ತೂಗಿ, ಸ್ಯಾಂಪಲ್ ತೆಗೆದು, ಫ್ಯಾಟ್ ಮತ್ತು ಎಸ್‌ಎನ್‌ಎಫ್ ನೋಡಿ ಚೀಟಿ ಕೊಡಬೇಕು. ಫ್ಯಾಟ್ ಎಂದರೆ ಜಿಡ್ಡು, ಎಸ್‌ಎನ್‌ಎಫ್ ಎಂದರೆ ಜಿಡ್ಡು ಬಿಟ್ಟು ಹಾಲಿನಲ್ಲಿರುವ ಘನಾಂಶ. ದುಡ್ಡು ನಿಂತಿರುವುದು ಈ ಎರಡು ಅಂಕಿಗಳ ಮೇಲೆ. ಆಮೇಲೆ ಹಾಲಿನ ಗಾಡಿ ಬರುವುದರೊಳಗೆ ನಲವತ್ತು ಲೀಟರಿನ ಕ್ಯಾನುಗಳು ತುಂಬಿ ರಸ್ತೆ ಬದಿಗೆ ಬಂದಿರಬೇಕು. ಬಿಎಂಸಿ ಇರುವ ಊರಾದರೆ, ಅಂದರೆ ಹಾಲನ್ನು ಅಲ್ಲೇ ತಣ್ಣಗೆ ಮಾಡುವ ದೊಡ್ಡ ಸ್ಟೀಲ್ ತೊಟ್ಟಿ ಇದ್ದರೆ, ಹಾಲು 4 ಡಿಗ್ರಿಗೆ ಇಳಿಯಿತೇ ಎಂದು ನೋಡುತ್ತಿರಬೇಕು. ಕರೆಂಟು ಹೋದರೆ ಜನರೇಟರ್ ಹಾಕುವವರೂ ಇವರೇ.

ಮಧ್ಯಾಹ್ನ ಲೆಕ್ಕ: ಯಾರು ಎಷ್ಟು ಹಾಕಿದರು, ಯಾರ ಹಿಂಡಿಯ ಸಾಲ ಎಷ್ಟು ಮುರಿಯಬೇಕು, ಬಟವಾಡೆ ಯಾವತ್ತು. ಸಂಜೆ ಐದಕ್ಕೆ ಮತ್ತೆ ಸಾಲು. ವರ್ಷದ 365 ದಿನವೂ ಎರಡು ಹೊತ್ತು ಇದೇ ಕ್ರಮ. ಯುಗಾದಿಯ ದಿನ ಹಸು ಕೆಚ್ಚಲು ಕಟ್ಟಿಕೊಂಡು ಕೂರುವುದಿಲ್ಲವಲ್ಲ.

ಇದರಲ್ಲಿ ಕಷ್ಟದ ಭಾಗ ಯಂತ್ರವಲ್ಲ. ‘ಅಣ್ಣಾ, ನಿಮ್ಮ ಹಾಲು ಇವತ್ತು ಡಿಗ್ರಿ ಬಂದಿಲ್ಲ’ ಎಂದು ಅದೇ ಬೀದಿಯವನ ಮುಖ ನೋಡಿ ಹೇಳುವುದು ಕಷ್ಟ. ಚಿಕ್ಕಪ್ಪನಿಗೂ ಹೇಳಬೇಕು, ಅಧ್ಯಕ್ಷರಿಗೂ ಹೇಳಬೇಕು. ಒಬ್ಬರಿಗೆ ರಿಯಾಯಿತಿ ತೋರಿಸಿದ ದಿನವೇ ಉಳಿದವರೆಲ್ಲರ ಹಾಲಿನ ಬೆಲೆ ಇಳಿಯುತ್ತದೆ, ಏಕೆಂದರೆ ಒಕ್ಕೂಟ ಸಂಘಕ್ಕೆ ಹಣ ಕೊಡುವುದು ಒಟ್ಟು ಹಾಲಿನ ಗುಣ ನೋಡಿ.

ಡಿಗ್ರಿ ನೋಡಿದರೆ ಸಾಕಲ್ಲ, ಫ್ಯಾಟ್ ಯಾಕೆ?

ಡಿಗ್ರಿ ಎಂದರೆ ಇಲ್ಲಿ ಶಾಖವಲ್ಲ, ಹಾಲಿನ ಸಾಂದ್ರತೆ ಅಳೆಯುವ ಲ್ಯಾಕ್ಟೋಮೀಟರ್ ತೋರಿಸುವ ಅಂಕಿ. ಅದೊಂದನ್ನೇ ನಂಬಿದರೆ ಮೋಸ ಹೋಗುತ್ತೀರಿ. ನೀರು ಸೇರಿಸಿದರೆ ಡಿಗ್ರಿ ಇಳಿಯುತ್ತದೆ. ಆದರೆ ಕೆನೆ ತೆಗೆದರೆ ಡಿಗ್ರಿ ಏರುತ್ತದೆ, ಜಿಡ್ಡು ನೀರಿಗಿಂತ ಹಗುರ ಆದ್ದರಿಂದ. ಕೆನೆ ತೆಗೆದು ಅಷ್ಟಿಷ್ಟು ನೀರು ಬೆರೆಸಿದವನ ಹಾಲು ಡಿಗ್ರಿಯಲ್ಲಿ ಚೊಕ್ಕವಾಗಿ ಕಾಣುತ್ತದೆ. ಎರಡೂ ಅಂಕಿ ಒಟ್ಟಿಗೆ ನೋಡಿದಾಗಲೇ ಕಥೆ ತಿಳಿಯುವುದು.

ಸಂಘದಲ್ಲಿ ಕೆಲಸ ಮಾಡಿದವರಿಗೆ ಒಕ್ಕೂಟಕ್ಕೆ ಬಡ್ತಿ ಸಿಗುತ್ತದೆಯೇ?

ನೇರ ಬಡ್ತಿ ಎಂಬುದಿಲ್ಲ, ಕೆಲಸ ಕೊಡುವವರೇ ಬೇರೆಯಾದ್ದರಿಂದ. ಹಾಲು ಪರೀಕ್ಷಕರಾಗಿ ಸೇರಿದವರು ಅದೇ ಸಂಘದಲ್ಲಿ ಕಾರ್ಯದರ್ಶಿ ಆಗಬಹುದು. ಈಗ ಅವರನ್ನು ಮುಖ್ಯ ಕಾರ್ಯನಿರ್ವಾಹಕ ಎನ್ನುತ್ತಾರೆ. ಒಕ್ಕೂಟಕ್ಕೆ ಬರಬೇಕೆಂದರೆ ಎಲ್ಲರಂತೆ ಅರ್ಜಿ ಹಾಕಿ ಪರೀಕ್ಷೆ ಬರೆಯಬೇಕು. ಹಾಗೆ ಬಂದವರು ನನ್ನ ಕಣ್ಣೆದುರೇ ಇದ್ದಾರೆ. ಹಗಲು ಸಂಘದಲ್ಲಿ ಕೆಲಸ, ರಾತ್ರಿ ಓದು, ಕೊನೆಗೆ ವಿಸ್ತರಣಾಧಿಕಾರಿ. ಅಂಥವರನ್ನು ಯಾವ ಊರಿಗೆ ಕಳಿಸಿದರೂ ಜಗಳ ಬಗೆಹರಿಸಿಕೊಂಡೇ ಬರುತ್ತಿದ್ದರು, ಏಕೆಂದರೆ ಆ ಜಗಳ ಹುಟ್ಟುವ ಜಾಗ ಅವರಿಗೆ ಗೊತ್ತಿತ್ತು.

ಯಾವ ಓದಿಗೆ ಯಾವ ಹುದ್ದೆ?

ಪಶುವೈದ್ಯ ಪದವಿ ಇದ್ದವರಿಗೆ ಸಹಾಯಕ ವ್ಯವಸ್ಥಾಪಕರ ಹುದ್ದೆ, ಪಶು ಆರೋಗ್ಯ ಮತ್ತು ಕೃತಕ ಗರ್ಭಧಾರಣೆ ವಿಭಾಗದಲ್ಲಿ. ಡೈರಿ ತಂತ್ರಜ್ಞಾನದ ಬಿ.ಟೆಕ್ ಮಾಡಿದವರಿಗೆ ತಾಂತ್ರಿಕ ಅಧಿಕಾರಿ. ಈ ಪದವಿಗೆ ನಮ್ಮಲ್ಲೇ ಹೆಬ್ಬಾಳದ ಡೈರಿ ವಿಜ್ಞಾನ ಕಾಲೇಜಿದೆ, ಕಲಬುರಗಿ ಜಿಲ್ಲೆಯ ಮಹಾಗಾಂವ್‌ನಲ್ಲಿ ಇನ್ನೊಂದಿದೆ. ರಸಾಯನಶಾಸ್ತ್ರ ಅಥವಾ ಸೂಕ್ಷ್ಮಜೀವಿಶಾಸ್ತ್ರ ಓದಿದ ಬಿ.ಎಸ್ಸಿ ಪದವೀಧರರಿಗೆ ಕೆಮಿಸ್ಟ್. ಪದವಿ ಮತ್ತು ಕಂಪ್ಯೂಟರ್ ಜ್ಞಾನ ಇದ್ದವರಿಗೆ ವಿಸ್ತರಣಾಧಿಕಾರಿ, ಆಡಳಿತ ಸಹಾಯಕ. ಬಿ.ಕಾಂ ಆದವರಿಗೆ ಲೆಕ್ಕ ಸಹಾಯಕ. ಐಟಿಐ ಆದವರಿಗೆ ಜೂನಿಯರ್ ಟೆಕ್ನಿಷಿಯನ್, ಎಲೆಕ್ಟ್ರಿಕಲ್, ಫಿಟ್ಟರ್, ರೆಫ್ರಿಜರೇಷನ್, ಬಾಯ್ಲರ್ ಹೀಗೆ. ಬಾಯ್ಲರ್ ನೋಡಿಕೊಳ್ಳಲು ಪ್ರತ್ಯೇಕ ಅರ್ಹತಾ ಪತ್ರ ಬೇಕು, ಬರೀ ಐಟಿಐ ಸಾಲದು.

ಒಕ್ಕೂಟದಿಂದ ಒಕ್ಕೂಟಕ್ಕೆ ವಿವರ ಬದಲಾಗುತ್ತದೆ, ಆಯಾ ಅಧಿಸೂಚನೆಯೇ ಅಂತಿಮ. ಲಿಖಿತ ಪರೀಕ್ಷೆಯಲ್ಲಿ ನಿಮ್ಮ ವಿಷಯದ ಜೊತೆಗೆ ಕನ್ನಡ, ಇಂಗ್ಲಿಷ್, ಸಾಮಾನ್ಯ ಜ್ಞಾನ, ಸಂವಿಧಾನ ಮತ್ತು ಸಹಕಾರ ವಿಷಯವೂ ಇರುತ್ತದೆ. ಬಹಳ ಮಂದಿ ಸೋಲುವುದು ಈ ಸಹಕಾರದಲ್ಲಿ. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯನ್ನು ಒಮ್ಮೆ ಶಾಂತವಾಗಿ ಓದಿಕೊಳ್ಳಿ. ಅಂಕಕ್ಕಾಗಿ ಮಾತ್ರವಲ್ಲ, ಯಾರ ಮನೆಯಲ್ಲಿ ಕೆಲಸಕ್ಕೆ ಹೋಗುತ್ತಿದ್ದೇನೆ ಎಂಬುದು ಅದರಿಂದ ತಿಳಿಯುತ್ತದೆ.

ವಿಸ್ತರಣಾಧಿಕಾರಿ ದಿನವಿಡೀ ಏನು ಮಾಡುತ್ತಾರೆ?

ಬೈಕಿನಲ್ಲಿ ಸುತ್ತುತ್ತಾರೆ. ಇವರ ಪಾಲಿಗೆ ಹತ್ತಾರು ಸಂಘಗಳು ಬರುತ್ತವೆ. ಬೆಳಗಿನ ಹೊತ್ತಿನಲ್ಲಿ ಹೇಳದೆ ಕೇಳದೆ ಒಂದು ಸಂಘಕ್ಕೆ ಹೋಗಿ ಪರೀಕ್ಷೆ ಸರಿಯಾಗಿ ನಡೆಯುತ್ತಿದೆಯೇ ನೋಡುವುದು, ಪುಸ್ತಕ ಪರಿಶೀಲಿಸುವುದು, ಆಡಳಿತ ಮಂಡಳಿ ಸಭೆಯಲ್ಲಿ ಕೂರುವುದು, ಹೊಸ ಊರಿನಲ್ಲಿ ಸಂಘ ಕಟ್ಟುವುದು, ಮೇವಿನ ಬೀಜ ಹಂಚಿಸುವುದು, ಚುನಾವಣೆ ಬಂದಾಗ ಎರಡು ಗುಂಪಿನ ನಡುವೆ ನಿಲ್ಲುವುದು.

ಕಚೇರಿ ಕೆಲಸ ಎಂದುಕೊಂಡು ಬಂದವರು ಆರು ತಿಂಗಳಲ್ಲಿ ಸೊರಗುತ್ತಾರೆ. ಜನರ ಜೊತೆ ಜಗುಲಿಯ ಮೇಲೆ ಕೂತು ಟೀ ಕುಡಿಯುತ್ತ ಮಾತಾಡಬಲ್ಲವರಿಗೆ ಇದಕ್ಕಿಂತ ಒಳ್ಳೆಯ ಕೆಲಸ ಇಡೀ ಒಕ್ಕೂಟದಲ್ಲಿ ಇಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕೃತಕ ಗರ್ಭಧಾರಣೆ ಮಾಡುವವರ ಕೆಲಸ?

ಹೆಸರಘಟ್ಟದ ನಂದಿನಿ ವೀರ್ಯ ಕೇಂದ್ರದಂಥ ಕಡೆಯಿಂದ ಬರುವ, ವೀರ್ಯ ತುಂಬಿದ ಸಣ್ಣ ಕೊಳವೆಗಳು, ಅಂದರೆ ಸ್ಟ್ರಾಗಳು, ದ್ರವ ಸಾರಜನಕದಲ್ಲಿ, ಮೈನಸ್ 196 ಡಿಗ್ರಿಯಲ್ಲಿ ಇರುತ್ತವೆ. ತರಬೇತಿ ಪಡೆದ ಕಾರ್ಯಕರ್ತರು ಆ ಕಂಟೇನರ್ ಹೊತ್ತು ಮನೆ ಮನೆಗೆ ಹೋಗುತ್ತಾರೆ. ಹಸು ಬೆಳಗ್ಗೆ ಬೆದೆಗೆ ಬಂದದ್ದು ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಗ್ಗೆ ಕೊಡಿಸಬೇಕು ಎಂಬುದು ರೂಢಿಯ ನಿಯಮ. ಹಾಗಾಗಿ ಫೋನ್ ಬಂದ ತಕ್ಷಣ ಹೊರಡಬೇಕು, ನಾಳೆ ನೋಡೋಣ ಎಂದರೆ ರೈತನಿಗೆ ಇಪ್ಪತ್ತೊಂದು ದಿನ ನಷ್ಟ. ಸ್ಟ್ರಾವನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕರಗಿಸುವಾಗ ಗಡಿಯಾರ ನೋಡದವರು ಈ ಕೆಲಸಕ್ಕೆ ಬರಬಾರದು. ಗಬ್ಬ ನಿಂತಿತೋ ಇಲ್ಲವೋ ಎಂಬುದು ನಿಮ್ಮ ಕೈಗುಣಕ್ಕೆ ಊರವರು ಕೊಡುವ ಸರ್ಟಿಫಿಕೇಟ್.

ಲ್ಯಾಬ್‌ನಲ್ಲಿ ಕೂತು ಮಾಡುವ ಕೆಲಸ ಸುಲಭ ಅಲ್ಲವೇ?

ಕೂರುವುದೇ ಕಡಿಮೆ. ಗಾಡಿ ಬಂದಾಗ ಹಾಲು ಇಳಿಸುವ ಕಟ್ಟೆಯ ಮೇಲೆ ನಿಂತಿರಬೇಕು. ಅದನ್ನು ನಾವು ಡಾಕ್ ಅನ್ನುತ್ತಿದ್ದೆವು. ಮೊದಲ ಪರೀಕ್ಷೆ ಮೂಗಿನದು: ಕ್ಯಾನಿನ ಮುಚ್ಚಳ ತೆಗೆದ ಕೂಡಲೇ ಬರುವ ವಾಸನೆ. ಅನುಭವಿ ಡಾಕ್ ಸಿಬ್ಬಂದಿ ಯಾವ ಕ್ಯಾನಿನಲ್ಲಿ ನಿನ್ನೆಯ ಹಾಲು ಸೇರಿದೆ ಎಂದು ಯಂತ್ರಕ್ಕಿಂತ ಮೊದಲೇ ಹೇಳುತ್ತಾರೆ. ಅನುಮಾನ ಬಂದರೆ ಪ್ರನಾಳದಲ್ಲಿ ಸ್ವಲ್ಪ ಹಾಲು ಕುದಿಸಿ ನೋಡುವುದು. ಒಡೆದರೆ ಪಾಶ್ಚರೀಕರಣದ ಶಾಖ ಅದು ತಾಳುವುದಿಲ್ಲ.

ಆಮ್ಲತೆ ನೋಡುವುದು ಇನ್ನೊಂದು. ಹತ್ತು ಮಿ.ಲೀ. ಹಾಲಿಗೆ ಫಿನಾಲ್ಫ್ಥಲೀನ್ ಎಂಬ ಸೂಚಕ ಹಾಕಿ, ಬ್ಯುರೆಟ್ ಎಂಬ ಅಳತೆ ಕೊಳವೆಯಿಂದ ಕ್ಷಾರವನ್ನು ಹನಿ ಹನಿಯಾಗಿ ಬಿಟ್ಟು, ತಿಳಿ ಗುಲಾಬಿ ಬಣ್ಣ ನಿಲ್ಲುವವರೆಗೆ ಕಾಯಬೇಕು. ಜೊತೆಗೆ ಮೆಥಿಲೀನ್ ಬ್ಲೂ ಪರೀಕ್ಷೆ. ನೀಲಿ ಬಣ್ಣ ಐದು ಗಂಟೆ ಉಳಿದರೆ ಬಹಳ ಒಳ್ಳೆಯ ಹಾಲು, ಅರ್ಧ ಗಂಟೆಯಲ್ಲಿ ಮಾಯವಾದರೆ ಬ್ಯಾಕ್ಟೀರಿಯಾ ತುಂಬಿಕೊಂಡಿದೆ ಎಂದರ್ಥ. ಪಿಷ್ಟ ಬೆರೆಸಿದ್ದರೆ ಅಯೋಡಿನ್ ಒಂದು ಹನಿ ಸಾಕು, ನೀಲಿಗೆ ತಿರುಗುತ್ತದೆ. ಯೂರಿಯಾ, ಸಕ್ಕರೆ, ಉಪ್ಪು ಪ್ರತಿಯೊಂದಕ್ಕೂ ಅದರದರ ಪರೀಕ್ಷೆ ಇದೆ. ಫ್ಯಾಟ್‌ಗೆ ಈಗ ಯಂತ್ರ ಬಂದಿದ್ದರೂ ಯಂತ್ರವನ್ನು ತಾಳೆ ನೋಡಲು ಗರ್ಬರ್ ವಿಧಾನ ಇನ್ನೂ ಬೇಕು: ಹತ್ತು ಮಿ.ಲೀ. ಸಲ್ಫ್ಯೂರಿಕ್ ಆಮ್ಲ, 10.75 ಮಿ.ಲೀ. ಹಾಲು, ಒಂದು ಮಿ.ಲೀ. ಅಮೈಲ್ ಆಲ್ಕೋಹಾಲ್. ಅದಲುಬದಲು ಮಾಡುವಂತಿಲ್ಲ. ನನ್ನ ಅಂಗಿಗಳೆಲ್ಲ ಆಮ್ಲದ ತೂತು ಬಿದ್ದವೇ ಆಗಿದ್ದವು. ಮನೆಯವರು ಕೊನೆಗೆ ಹೊಲಿಯುವುದನ್ನೇ ಬಿಟ್ಟರು.

ಕೆಲಸಕ್ಕೆ ಸೇರಿದ ಎರಡನೇ ವರ್ಷ ನಾನು ಒಂದು ಸಂಘದ ಆರು ಕ್ಯಾನು ತಿರಸ್ಕರಿಸಿದೆ. ಆಮ್ಲತೆ ಹೆಚ್ಚಾಗಿತ್ತು, ನಿಯಮದ ಪ್ರಕಾರ ನಾನು ಮಾಡಿದ್ದು ಸರಿ. ಮರುದಿನ ಆ ಊರಿನಿಂದ ಒಬ್ಬ ಹೆಂಗಸು ಬಸ್ಸಿನಲ್ಲಿ ಬಂದು, ‘ಸ್ವಾಮಿ, ನಮ್ಮ ಹಾಲು ಹಾಳಾಗಿರಲಿಲ್ಲ, ಗಾಡಿ ಬಿಸಿಲಲ್ಲಿ ಎರಡು ಗಂಟೆ ಕೆಟ್ಟು ನಿಂತಿತ್ತು’ ಎಂದರು. ವಿಚಾರಿಸಿದರೆ ನಿಜ. ತಪ್ಪು ಸಾಗಣೆಯದು, ನಷ್ಟ ಮಾತ್ರ ಹಾಲು ಹಾಕಿದವರದು. ಅವತ್ತಿನಿಂದ ತಿರಸ್ಕಾರದ ಪುಸ್ತಕದಲ್ಲಿ ಗಾಡಿ ಬಂದ ಸಮಯವನ್ನೂ ಬರೆಯತೊಡಗಿದೆ. ಒಂದೇ ರೂಟಿನ ಹಾಲು ಮತ್ತೆ ಮತ್ತೆ ತಡವಾಗಿ ಬರುವುದು ಆ ಪುಸ್ತಕದಿಂದಲೇ ಗೊತ್ತಾಗಿ, ರೂಟನ್ನು ಎರಡು ಮಾಡಿದರು. ಲ್ಯಾಬ್‌ಗೆ ಸೇರುವವರಿಗೆ ನಾನು ಹೇಳುವುದು ಇಷ್ಟೇ. ಬ್ಯುರೆಟ್‌ನ ಆ ಕಡೆ ಒಬ್ಬರ ಹದಿನೈದು ದಿನದ ದುಡಿಮೆ ಇದೆ ಎಂದು ನೆನಪಿಟ್ಟುಕೊಂಡು ಅಂಕಿ ಬರೆಯಿರಿ.

ಪ್ಲಾಂಟ್ ಒಳಗೆ ಏನೇನು ಕೆಲಸ?

ಬಂದ ಹಾಲನ್ನು ತಣಿಸಿ ದಾಸ್ತಾನು ಮಾಡಿ, ಕೆನೆ ಮತ್ತು ಕೆನೆರಹಿತ ಹಾಲನ್ನು ಲೆಕ್ಕ ಹಾಕಿ ಬೆರೆಸುತ್ತಾರೆ. ಟೋನ್ಡ್, ಅಂದರೆ ಜಿಡ್ಡು ಕಡಿಮೆ ಮಾಡಿದ ಹಾಲಿಗೆ ಶೇಕಡಾ 3 ಫ್ಯಾಟ್, ಶೇಕಡಾ 8.5 ಎಸ್‌ಎನ್‌ಎಫ್ ಇರಬೇಕು. ಪೂರ್ಣ ಕೆನೆಯ ಹಾಲಿಗೆ 6 ಮತ್ತು 9. ಈ ಲೆಕ್ಕ ತಾಂತ್ರಿಕ ಅಧಿಕಾರಿಯದು. ಆಮೇಲೆ ಪಾಶ್ಚರೀಕರಣ: 72 ಡಿಗ್ರಿಯಲ್ಲಿ 15 ಸೆಕೆಂಡ್, ಕೂಡಲೇ 4 ಡಿಗ್ರಿಗೆ ಇಳಿಸುವುದು. ಆಪರೇಟರ್ ಈ ಶಾಖದ ಚಾರ್ಟಿನ ಮೇಲೆ ಕಣ್ಣಿಟ್ಟಿರುತ್ತಾರೆ. ಸರಿಯಾಗಿ ಕಾದಿದೆಯೇ ಎಂದು ಲ್ಯಾಬ್‌ನವರು ಫಾಸ್ಫಟೇಸ್ ಪರೀಕ್ಷೆಯಿಂದ ತಾಳೆ ನೋಡುತ್ತಾರೆ.

ಹೊರಗಿನವರಿಗೆ ಕಾಣದ ದೊಡ್ಡ ಕೆಲಸ ತೊಳೆಯುವುದು. ಪೈಪು, ಟ್ಯಾಂಕು ಬಿಚ್ಚದೆಯೇ ಒಳಗಿನಿಂದ ತೊಳೆಯುವ ಸಿಐಪಿ: ನೀರು, ಕಾಸ್ಟಿಕ್ ಸೋಡಾ ದ್ರಾವಣ, ನೀರು, ನೈಟ್ರಿಕ್ ಆಮ್ಲದ ದ್ರಾವಣ, ಮತ್ತೆ ನೀರು, ಬಿಸಿನೀರು. ಕಾಸ್ಟಿಕ್ ಜಿಡ್ಡು ಮತ್ತು ಪ್ರೋಟೀನ್ ಬಿಡಿಸುತ್ತದೆ, ಆಮ್ಲ ಹಾಲಿನ ಖನಿಜದ ಕರೆಯನ್ನು ತೆಗೆಯುತ್ತದೆ. ಒಂದು ಹಂತ ಬಿಟ್ಟರೂ ಮಾರನೇ ದಿನದ ಹಾಲು ಬೇಗ ಹುಳಿಯುತ್ತದೆ.

ಇನ್ನು ಅಮೋನಿಯಾ ಕೊಠಡಿ. ಹಾಲನ್ನು ತಣಿಸುವುದೇ ಈ ಅನಿಲದಿಂದ. ಸೋರಿದರೆ ಕಣ್ಣು, ಗಂಟಲು ಉರಿಯುತ್ತದೆ, ಹೆಚ್ಚಾದರೆ ಪ್ರಾಣಕ್ಕೇ ಅಪಾಯ. ಮುಖವಾಡ ಎಲ್ಲಿದೆ, ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂಬುದನ್ನು ಸೇರಿದ ಮೊದಲ ವಾರವೇ ಕಲಿಯಿರಿ. ಯಾರೂ ಹೇಳಿಕೊಡದಿದ್ದರೆ ನೀವೇ ಕೇಳಿ.

ಹಾಲು ಹೆಚ್ಚಾದಾಗ ಏನಾಗುತ್ತದೆ?

ಮಳೆ ಬಂದು ಹಸಿರು ಮೇವು ತುಂಬಿದ ಮೇಲೆ ಹಾಲು ಉಕ್ಕುತ್ತದೆ. ಬೇಸಿಗೆಯಲ್ಲಿ ಬತ್ತುತ್ತದೆ. ಉಕ್ಕಿದಾಗ ಪುಡಿ, ಬೆಣ್ಣೆ, ತುಪ್ಪದ ಘಟಕಗಳಲ್ಲಿ ಮೂರೂ ಪಾಳಿ ಬಿಡುವಿಲ್ಲದ ದುಡಿಮೆ. ಒಂದು ಕಿಲೋ ಕೆನೆರಹಿತ ಪುಡಿಗೆ ಸುಮಾರು ಹನ್ನೊಂದು ಲೀಟರ್ ಕೆನೆರಹಿತ ಹಾಲು ಬೇಕು. 2013ರ ಆಗಸ್ಟ್ 1ರಂದು ಶಾಲಾ ಮಕ್ಕಳಿಗೆ ಹಾಲು ಕೊಡುವ ಕ್ಷೀರಭಾಗ್ಯ ಯೋಜನೆ ಶುರುವಾದ ಮೇಲೆ ಆ ಪುಡಿಗೆ ಒಂದು ಖಚಿತ ದಾರಿ ಸಿಕ್ಕಿತು. ನಮ್ಮ ಪುಡಿ ಘಟಕದ ಹುಡುಗರು ತಮ್ಮ ಮಕ್ಕಳ ಶಾಲೆಯಲ್ಲೇ ಆ ಹಾಲು ನೋಡಿ ಹೆಮ್ಮೆಪಟ್ಟದ್ದು ನನಗೆ ನೆನಪಿದೆ.

ರಾತ್ರಿ ಪಾಳಿ ತಪ್ಪಿಸಿಕೊಳ್ಳಬಹುದೇ?

ಉತ್ಪಾದನೆ, ಪ್ಯಾಕಿಂಗ್, ಲ್ಯಾಬ್, ಎಂಜಿನಿಯರಿಂಗ್ ವಿಭಾಗಗಳಲ್ಲಿ ಇಲ್ಲ. ನಿಮ್ಮ ಮನೆ ಬಾಗಿಲಿಗೆ ಬೆಳಗ್ಗೆ ಐದಕ್ಕೆ ಬರುವ ಪ್ಯಾಕೆಟ್ ರಾತ್ರಿಯೇ ತುಂಬಿ ಗಾಡಿ ಏರಿದ್ದು. ಹಬ್ಬದ ಹಿಂದಿನ ರಾತ್ರಿ ಕೆಲಸ ಇನ್ನೂ ಹೆಚ್ಚು, ಹಾಲು ಮೊಸರಿನ ಬೇಡಿಕೆ ಏರುವುದು ಅವತ್ತೇ. ಮದುವೆಯಾಗುವ ಮುಂಚೆ ಈ ವಿಷಯವನ್ನು ಎರಡೂ ಮನೆಯವರಿಗೆ ಬಿಡಿಸಿ ಹೇಳಿ.

ಹೆಣ್ಣುಮಕ್ಕಳಿಗೆ ಎಂಥ ಅವಕಾಶ?

ಹಸು ನೋಡಿಕೊಳ್ಳುವುದು, ಹಾಲು ಕರೆಯುವುದು ಹೆಚ್ಚಾಗಿ ಹೆಣ್ಣುಮಕ್ಕಳೇ. ಆದರೂ ಬಹಳ ಕಾಲ ಸಂಘದ ಪಾಸ್‌ಪುಸ್ತಕ ಗಂಡನ ಹೆಸರಿನಲ್ಲಿತ್ತು. ಮಹಿಳೆಯರ ತರಬೇತಿ ಮತ್ತು ಉದ್ಯೋಗಕ್ಕಾಗಿ ಕೇಂದ್ರ ಸರ್ಕಾರ ತಂದ ಸ್ಟೆಪ್ ಯೋಜನೆಯಡಿ ಮಹಿಳಾ ಸಂಘಗಳು ಹುಟ್ಟಿದ ಮೇಲೆ ಕಾರ್ಯದರ್ಶಿ, ಪರೀಕ್ಷಕಿ, ಅಧ್ಯಕ್ಷೆ ಎಲ್ಲರೂ ಮಹಿಳೆಯರೇ ಆದರು. ಇಂಥ ಸಂಘಗಳ ಪುಸ್ತಕ ಪರಿಶೀಲಿಸುವಾಗ ನಾನು ಕಂಡದ್ದು, ಲೆಕ್ಕ ಬಹಳ ಚೊಕ್ಕ. ಲ್ಯಾಬ್, ಲೆಕ್ಕಪತ್ರ, ಆಡಳಿತದಲ್ಲಿ ಮಹಿಳೆಯರು ಚೆನ್ನಾಗಿಯೇ ಇದ್ದಾರೆ. ಉತ್ಪಾದನೆ ಮತ್ತು ಕ್ಷೇತ್ರ ಕೆಲಸದಲ್ಲಿ ಇನ್ನೂ ಕಡಿಮೆ. ಊರೂರಿಗೆ ಹೋಗುವ ಮಹಿಳಾ ಅಧಿಕಾರಿಯ ಹತ್ತಿರ ರೈತ ಮಹಿಳೆಯರು ಕೆಚ್ಚಲು ಬಾವಿನಿಂದ ಹಿಡಿದು ಬಟವಾಡೆಯ ದುಡ್ಡು ಕೈಸೇರದ ತನಕ ಎಲ್ಲವನ್ನೂ ಹೇಳಿಕೊಳ್ಳುತ್ತಾರೆ, ನಮ್ಮ ಹತ್ತಿರ ಹೇಳುತ್ತಿರಲಿಲ್ಲ. ಅದಕ್ಕಾದರೂ ಆ ಹುದ್ದೆಗಳಿಗೆ ಹೆಚ್ಚು ಹೆಣ್ಣುಮಕ್ಕಳು ಬರಬೇಕು.

ಮಾರುಕಟ್ಟೆ ವಿಭಾಗ?

ಏಜೆಂಟರ ಬೇಡಿಕೆ ಪಟ್ಟಿ, ಗಾಡಿಯ ರೂಟು, ಸೋರಿದ ಪ್ಯಾಕೆಟ್‌ನ ದೂರು, ಪಾರ್ಲರ್ ತಪಾಸಣೆ. ಬೆಳಗಿನ ನಾಲ್ಕಕ್ಕೇ ಫೋನ್ ಶುರು. ಬೈಸಿಕೊಂಡು ನಗುವ ತಾಳ್ಮೆ ಬೇಕು.

ಗುತ್ತಿಗೆ ಕೆಲಸಕ್ಕೆ ಸೇರಬಹುದೇ? ಮುಂದೆ ಕಾಯಂ ಆಗುತ್ತದೆಯೇ?

ಪ್ಯಾಕಿಂಗ್, ಲೋಡಿಂಗ್, ಸ್ವಚ್ಛತೆಯಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಗುತ್ತಿಗೆದಾರರ ಮೂಲಕ ಬಂದವರು. ಕಾಯಂ ಆಗುತ್ತದೆ ಎಂಬ ಮಾತು ನಂಬಿ ಹತ್ತು ವರ್ಷ ಕಳೆದವರನ್ನು ನೋಡಿ ನನಗೆ ಸಂಕಟವಾಗಿದೆ. ಕ್ರೇಟ್ ಎತ್ತಿ ಎತ್ತಿ ಬೆನ್ನು ಹೋದ ಮೇಲೆ ಅವರ ಕೈಯಲ್ಲಿ ಕಾಗದವೇ ಇರುವುದಿಲ್ಲ. ಸೇರುವುದಾದರೆ ಪಿಎಫ್, ಇಎಸ್‌ಐ ಸಂಖ್ಯೆ ಮೊದಲ ತಿಂಗಳೇ ಕೇಳಿ ಪಡೆಯಿರಿ, ಸಂಬಳದ ಚೀಟಿ ಜೋಪಾನವಾಗಿಡಿ. ಕೆಲಸ ಮಾಡುತ್ತಲೇ ಐಟಿಐ ಅಥವಾ ಪದವಿ ಮುಗಿಸಿ ನೇರ ನೇಮಕಾತಿಗೆ ಅರ್ಜಿ ಹಾಕಿ.

ಬಡ್ತಿಯ ದಾರಿ ಹೇಗಿದೆ?

ಜೂನಿಯರ್ ಟೆಕ್ನಿಷಿಯನ್ ಆಗಿ ಸೇರಿದವರು ಹಿರಿಯ ಟೆಕ್ನಿಷಿಯನ್, ಸೂಪರ್‌ವೈಸರ್ ಹೀಗೆ ಮೇಲೇರುತ್ತಾರೆ. ಅಧಿಕಾರಿಗಳು ಸಹಾಯಕ ವ್ಯವಸ್ಥಾಪಕ, ಉಪ ವ್ಯವಸ್ಥಾಪಕ, ವ್ಯವಸ್ಥಾಪಕ ಎಂದು ಸಾಗುತ್ತಾರೆ. ತುದಿಯಲ್ಲಿ ವ್ಯವಸ್ಥಾಪಕ ನಿರ್ದೇಶಕರು. ಹುದ್ದೆ ಖಾಲಿಯಾದಾಗಲೇ ಬಡ್ತಿ, ಹಾಗಾಗಿ ಕಾಯುವಿಕೆ ಇದ್ದೇ ಇದೆ.

ಕಾಯುವ ವರ್ಷಗಳಲ್ಲಿ ವಿಭಾಗ ಬದಲಿಸಲು ಸಿಕ್ಕರೆ ಬೇಡವೆನ್ನಬೇಡಿ. ಹಾಲು ಸಂಗ್ರಹಣೆಯನ್ನೇ ನೋಡದೆ ಪ್ಲಾಂಟ್ ವ್ಯವಸ್ಥಾಪಕರಾದವರು, ಹಾಲು ಕೆಟ್ಟು ಬಂದರೆ ಸಂಘವನ್ನು ಬೈಯುತ್ತಾರೆ. ಊರಿನಲ್ಲಿ ಎರಡು ವರ್ಷ ಕಳೆದವರು ಕರೆಂಟು ಎಷ್ಟು ಹೊತ್ತು ಹೋಗಿತ್ತು ಎಂದು ಕೇಳುತ್ತಾರೆ.

ದುಡ್ಡು ಕೊಟ್ಟರೆ ಕೆಲಸ ಕೊಡಿಸುತ್ತೇವೆ ಎನ್ನುವವರಿದ್ದಾರೆ.

ಒಂದು ರೂಪಾಯಿಯೂ ಕೊಡಬೇಡಿ. ಅಪ್ಪ ಹಸು ಮಾರಿ ತಂದ ದುಡ್ಡು ಕಳೆದುಕೊಂಡವರನ್ನು ನಾನು ಬಲ್ಲೆ.

ಮೊದಲ ದಿನಕ್ಕೆ ಏನು ಸಿದ್ಧತೆ ಬೇಕು?

ಉಗುರು ಕತ್ತರಿಸಿಕೊಳ್ಳಿ. ಉಂಗುರ, ಬಳೆ, ಕೈಗಡಿಯಾರ ಮನೆಯಲ್ಲಿಡಿ, ಉತ್ಪಾದನಾ ಹಾಲ್‌ನೊಳಗೆ ಯಾವುದನ್ನೂ ಬಿಡುವುದಿಲ್ಲ. ತಲೆಗವುಸು, ಗಂಬೂಟು ಅಲ್ಲೇ ಕೊಡುತ್ತಾರೆ. ಗಂಬೂಟಿಗೆ ದಪ್ಪ ಕಾಲುಚೀಲ ಎರಡು ಜೊತೆ ಒಯ್ಯಿರಿ, ನೆಲ ಸದಾ ಒದ್ದೆ, ಕೋಲ್ಡ್ ಸ್ಟೋರ್‌ನಲ್ಲಿ ಕಾಲು ಮರಗಟ್ಟುತ್ತದೆ. ಸಾಧ್ಯವಾದರೆ ಸೇರುವ ಮುಂಚಿನ ಒಂದು ವಾರ ನಿಮ್ಮೂರಿನ ಡೈರಿಗೆ ಬೆಳಗ್ಗೆ ಆರಕ್ಕೆ ಹೋಗಿ, ಕಾರ್ಯದರ್ಶಿಯನ್ನು ಕೇಳಿಕೊಂಡು ಪಕ್ಕದಲ್ಲಿ ನಿಲ್ಲಿ. ಕ್ಯಾನು ಎತ್ತಲು ಒಂದು ಕೈ ಕೊಡಿ. ನಲವತ್ತು ಲೀಟರ್ ಹಾಲು ತುಂಬಿದ ಕ್ಯಾನಿನ ಭಾರ ಎಷ್ಟೆಂದು ಕೈಗೆ ಗೊತ್ತಾಗಲಿ.